ಹತ್ತು ರಾಗ, ಹತ್ತು ಜನರಿಗೆ ಕಳಿಸಿ

ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಆ ವಿಡಿಯೊ ಮತ್ತೆ ಬಂತು. ನಿಮಗೂ ಬಂದಿರುತ್ತೆ ಬಿಡಿ. "ಜಗತ್ತಿಗೆ ಟೆಕ್ನೋ ಕೊಟ್ಟಿದ್ದು ಭಾರತ! ಹತ್ತು ಜನರಿಗೆ ಕಳಿಸಿ" ಅಂತ ಮೇಲೊಂದು ಒಕ್ಕಣೆ. ಟೆಕ್ನೋ ಅಂದರೆ ಕ್ಲಬ್ಬುಗಳಲ್ಲಿ ಕುಣಿಸುವ ಯಂತ್ರದ ಸಂಗೀತ; ವಿಡಿಯೊದಲ್ಲಿ ನುಡಿಸಿದವರು ಮುಂಬೈಯ ಚರಣ್‌ಜಿತ್ ಸಿಂಗ್. ಈ ಸಲ ನಾಸಾ ಹೆಸರಿರಲಿಲ್ಲ, ಯುನೆಸ್ಕೋ ಹೆಸರೂ ಇರಲಿಲ್ಲ. ಅಷ್ಟರ ಮಟ್ಟಿಗೆ ಸುಧಾರಿಸಿದ್ದೇವೆ.

ವಿಡಿಯೊ ಐದು ನಿಮಿಷದ್ದು. ಮೊದಲ ಚಪ್ಪಾಳೆ ಹನ್ನೆರಡನೇ ಸೆಕೆಂಡಿಗೇ ಬಿತ್ತು. ಆಮೇಲೆ ಸಾಲಾಗಿ ಕೈಮುಗಿದ ಚಿತ್ರಗಳು. "ಚರಣ್ ಸಿಂಗ್ ಪ್ರಧಾನಿ ಆಗಿದ್ದವರಲ್ವಾ? ಇದೂ ಬರ್ತಿತ್ತಾ ಅವರಿಗೆ?" ಅಂತ ಚಿಕ್ಕಪ್ಪ ಕೇಳಿದರು. ಇನ್ನೊಬ್ಬರು "ಓಂ ಶಾಂತಿ" ಹಾಕಿದರು. ಅವರದೊಂದು ಸರಿಯಾಗಿತ್ತು, ಸ್ವಲ್ಪ ತಡ ಅಷ್ಟೆ. ಚರಣ್‌ಜಿತ್ ಸಿಂಗ್ ತೀರಿಕೊಂಡಿದ್ದು 2015ರಲ್ಲಿ.

ಕಥೆ ಗೊತ್ತಿರೋದೇ. ಮುಂಬೈಯಲ್ಲಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಒಂದು ಎಲೆಕ್ಟ್ರಾನಿಕ್ ಕೀಬೋರ್ಡು, ಸದ್ದು ಹುಟ್ಟಿಸುವ ಎರಡು ಪೆಟ್ಟಿಗೆ ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಎರಡರಲ್ಲಿ ಒಂದು ಪೆಟ್ಟಿಗೆಯ ಹೆಸರು ಟಿಬಿ-303. ಒಂಟಿಯಾಗಿ ಗಿಟಾರ್ ನುಡಿಸುವವನಿಗೆ ಬೇಸ್ ಜೊತೆ ಕೊಡಲಿ ಅಂತ ಮಾಡಿದ್ದು. ಗಿಟಾರಿನವರು ಅದನ್ನು ಮೂಸಿಯೂ ನೋಡಲಿಲ್ಲ. 1984ಕ್ಕೆ ತಯಾರಿಕೆಯೇ ನಿಂತಿತು. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ಕ ಈ ಪೆಟ್ಟಿಗೆಯ ನಾಬ್‌ಗಳನ್ನು ಷಿಕಾಗೋದ ಹುಡುಗರು ಸಿಕ್ಕಾಪಟ್ಟೆ ತಿರುಗಿಸಿದರು. ಹುಕ್ಕಾ ಗುಳುಗುಳು ಅಂದ ಹಾಗೆ ಒಂದು ಸದ್ದು ಬಂತು. 1987ರಲ್ಲಿ ಅದರ ರೆಕಾರ್ಡ್ ಹೊರಬಂತು. ಟೆಕ್ನೋ ಬಳಗದ್ದೇ ಆದ ಈ ಕುಣಿತದ ಸಂಗೀತಕ್ಕೆ ಆ್ಯಸಿಡ್ ಹೌಸ್ ಅಂದರು. ಅದೇ ಗುಳುಗುಳು ಮುಂಬೈಯಲ್ಲಿ ಐದು ವರ್ಷ ಮೊದಲೇ ಆಗಿತ್ತು.

ಆಗಿತ್ತು, ನಿಜ. ಆದರೆ "ಜಗತ್ತಿಗೆ ಕೊಟ್ಟಿದ್ದು" ಯಾವಾಗ? ರೆಕಾರ್ಡ್ ಮಾರಾಟವೇ ಆಗಲಿಲ್ಲವಲ್ಲ ಸ್ವಾಮಿ. ಷಿಕಾಗೋದವರು ಕೇಳಿರಲಿಲ್ಲ, ಸರಿ, ದೂರ ಆಯ್ತು. ಮುಂಬೈಯದೇ ದಾದರಿನವರಿಗೆ ಏನಾಗಿತ್ತು?

ಇಡೀ ವಿಡಿಯೊ ಕೇಳಿದ್ದು ನಮ್ಮ ಗ್ರೂಪಿನಲ್ಲಿ ಒಬ್ಬರೇ, ಮೈಸೂರಿನ ಸೋದರತ್ತೆ. ವಿಡಿಯೊದಲ್ಲಿದ್ದದ್ದು ಹಿಂದೂಸ್ತಾನಿಯ ಭೈರವ್ ರಾಗ. ಮಧ್ಯಾಹ್ನ ಅವರ ವಾಯ್ಸ್ ಮೆಸೇಜ್ ಬಂತು. "ಇದು ನಮ್ಮ ಮಾಯಾಮಾಳವಗೌಳ ರಾಗ ಕಣೋ. ಮೊದಲ ಪಾಠದ ಸರಳೆ ವರಸೆ ತಗೊಂಡು ಮಿಕ್ಸಿಗೆ ಹಾಕಿದ ಹಾಗಿದೆ. ಆದ್ರೆ ಶ್ರುತಿ ಸರಿಯಾಗಿದೆ ನೋಡು." ಈ ಆಲ್ಬಮ್ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಶ್ರುತಿ ಅಂದಾಗ ನೆನಪಾಯ್ತು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ನಾವೇ ಮೊದಲು ಅಂತ ಕುಣಿಯಲೇಬೇಕಾದರೆ ಮುಂಬೈವರೆಗೆ ಯಾಕೆ ಹೋಗಬೇಕು? 1979ರಲ್ಲೇ ಬೆಂಗಳೂರಿನ ಜಿ. ರಾಜನಾರಾಯಣ್ ಶ್ರುತಿ ಹಿಡಿಯೋ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಮಾಡಿ ಮದರಾಸಿನಲ್ಲಿ ತೋರಿಸಿದ್ದರು. ಆಮೇಲೆ ಅಂಥ ಪೆಟ್ಟಿಗೆ ಇಲ್ಲದ ಪಾಠದ ಮನೆಯೇ ಇರಲಿಲ್ಲ. ಅತ್ತೆ ಮನೇಲೂ ಒಂದಿತ್ತು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಮೇಲೆ ಕ್ರೋಶಾದ ಹೊದಿಕೆ, ಅರಿಶಿನ ಕುಂಕುಮ. ಬೆಳಿಗ್ಗೆ ಆರಕ್ಕೆ ಶುರುವಾದರೆ ಪ ಸ ಸ ಸ, ಪ ಸ ಸ ಸ, ಹಾಲಿನವನು ಬಂದು ಹೋದರೂ ನಿಲ್ಲುತ್ತಿರಲಿಲ್ಲ. ಬೇರೆ ಕಡೆ ಇದಕ್ಕೆ ಡ್ರೋನ್ ಮ್ಯೂಸಿಕ್ ಅಂತ ಹೆಸರಿಟ್ಟು, ದೀಪ ಆರಿಸಿ, ಟಿಕೆಟ್ ಮಾರುತ್ತಾರೆ. ನಮ್ಮಲ್ಲಿ "ಕರೆಂಟು ಸುಮ್ನೆ ಖರ್ಚಾಗ್ತಿದೆ, ಆರಿಸೇ" ಅಂತ ಮಾವ ಕೂಗುತ್ತಿದ್ದರು. ಅದರ ವಿಡಿಯೊ ಇವತ್ತಿನವರೆಗೆ ಒಬ್ಬರೂ ಕಳಿಸಿಲ್ಲ.

ಯಾಕೆ ಅಂದ್ರೆ ಅದನ್ನು ನೋಡಿ ಇನ್ನೂ ಯಾವ ಬಿಳಿಯನೂ "ವಾವ್" ಅಂದಿಲ್ಲ. ಫಾರ್ವರ್ಡ್ ಮಾಡೋಕೆ ಮೊದಲು ಆ ಸೀಲು ಬೀಳಬೇಕು. ಹೊಗಳಿದ್ದೇ ಆಗಬೇಕು ಅಂತೇನಿಲ್ಲ, ನಕ್ಕಿದ್ದರೂ ನಡೆಯುತ್ತೆ. ನಮ್ಮ ಮೈಸೂರಲ್ಲಿ ಹುಟ್ಟಿದ ಪ್ರಭುದೇವ ಕುಣಿದ ತಮಿಳು ಹಾಡೊಂದಿದೆಯಲ್ಲ, 2007ರಲ್ಲಿ ಅಮೆರಿಕದವನೊಬ್ಬ ಅದರ ಕೆಳಗೆ ತನ್ನ ಕಿವಿಗೆ ಕೇಳಿಸಿದ ಹಾಗೆ ಇಂಗ್ಲಿಷ್ ಪದ ಬರೆದು ಯೂಟ್ಯೂಬಿಗೆ ಹಾಕಿದ್ದ. ಆ ವಿಡಿಯೊದ ಹೆಸರು ಬೆನ್ನಿ ಲಾವಾ. ಅದನ್ನು ನಾವೇ ಹಂಚಿ ಹಂಚಿ ನಕ್ಕೆವು. ಬೆನ್ನುಮೂಳೆ ಇದೆಯೋ ಇಲ್ಲವೋ ಅನ್ನಿಸುವ ಹಾಗೆ ಕುಣಿದಿದ್ದಾನೆ ಪ್ರಭುದೇವ. ನಾವು ಓದಿದ್ದು ಕೆಳಗಿನ ಸಾಲು.

ಇನ್ನೊಂದು ಕೇಳಿ. ಅಹಮದಾಬಾದಿನ ಎನ್‌ಐಡಿಗೆ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, 1969ರಲ್ಲೇ ಮೂಗ್ ಸಿಂಥಸೈಸರ್ ಅನ್ನೋ ಎಲೆಕ್ಟ್ರಾನಿಕ್ ಸ್ವರಯಂತ್ರ ಬಂದಿತ್ತು. ಸಂಗೀತಗಾರರಾದ ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅದರ ಮುಂದೆ ಕೂತು ಕೆಲಸ ಮಾಡಿದ್ದರು. ಟೇಪುಗಳು ಅಲ್ಲೇ ಇದ್ದವು, ಅರ್ಧ ಶತಮಾನ. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಬಂದು ಧೂಳು ಕೊಡವಿದ ಮೇಲೆ 2023ರಲ್ಲಿ ಆಲ್ಬಮ್ ಆಯಿತು. ಚರಣ್‌ಜಿತ್ ಸಿಂಗ್ ರೆಕಾರ್ಡನ್ನು 2002ರಲ್ಲಿ ದಿಲ್ಲಿಯ ಅಂಗಡಿಯೊಂದರಲ್ಲಿ ಹೆಕ್ಕಿದ್ದು ನೆದರ್ಲೆಂಡ್ಸಿನ ರೆಕಾರ್ಡ್ ಸಂಗ್ರಾಹಕ ಎಡೊ ಬೌಮನ್. ಅವರೇ ಮುಂಬೈಗೆ ಹೋಗಿ ಮನೆ ಹುಡುಕಿದರು, 2010ರಲ್ಲಿ ಮತ್ತೆ ಹೊರತಂದರು. ನಮ್ಮ ಕಪಾಟಿನ ಬಾಗಿಲು ತೆಗೆಯೋಕೂ ವೀಸಾ ಬೇಕು.

ಇಲ್ಲಿ ನನಗೆ ತಮಾಷೆ ಸಾಕಾಗಿದೆ. ಚರಣ್‌ಜಿತ್ ಸಿಂಗ್ ನಮ್ಮ ನಡುವೆಯೇ ಇದ್ದರು. ಮದುವೆಗಳಲ್ಲಿ ಆರ್ಕೆಸ್ಟ್ರಾ ನುಡಿಸಿ ಬದುಕಿದರು. ಅವರ ಎದುರೇ ಕೂತು ಜನ ಊಟ ಮಾಡಿ ಕೈ ತೊಳೆದು ಹೋದರು. ಎಪ್ಪತ್ತು ದಾಟಿದ ಮೇಲೆ ಆ ಪೆಟ್ಟಿಗೆಗಳನ್ನು ನುಡಿಸೋಕೆ ಯೂರೋಪಿನವರು ಕರೆಸಿಕೊಂಡರು. ಒಂದು ರೆಕಾರ್ಡ್ ಕೊಳ್ಳದವರು, ಪೂರ್ತಿ ಒಂದು ರಾಗ ಕೇಳದವರು ಈಗ "ನಮ್ಮವರು" ಅಂತಿದ್ದೇವೆ. ನಮಗೆ ಸಂಗೀತ ಬೇಕಿಲ್ಲ. ಗೆದ್ದೆವು ಅನ್ನೋ ಸುದ್ದಿ ಬೇಕು, ಅದೂ ಬಿಟ್ಟಿಯಾಗಿ.

ಇಷ್ಟನ್ನೂ ಗ್ರೂಪಲ್ಲಿ ಹಾಕಿ, ಜೊತೆಗೆ ಪೂರ್ತಿ ಆಲ್ಬಮ್ಮಿನ ಲಿಂಕನ್ನೂ ಕೊಟ್ಟೆ. ಇಪ್ಪತ್ತಾರು ಜನ ನೋಡಿದರು. ಒಂದು ತಾವರೆ ಹೂವಿನ ಶುಭೋದಯ ಬಂತು, ಸಂಜೆ ಐದಕ್ಕೆ.

ಅತ್ತೆ ಮಾತ್ರ ಫೋನ್ ಮಾಡಿದರು. ಅವರ ಪೆಟ್ಟಿಗೆಯನ್ನು ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಮೊಮ್ಮಗ ಹಳೇ ಪೇಪರಿನವನಿಗೆ ಹಾಕಿಬಿಟ್ಟನಂತೆ. ಫೋನಲ್ಲೇ ಆ್ಯಪ್ ಇದೆಯಲ್ಲ ಅಜ್ಜಿ, ಅಂದನಂತೆ.

"ಆ ಆ್ಯಪು ಮಧ್ಯದಲ್ಲಿ ಜಾಹೀರಾತು ಹಾಕತ್ತೆ ಕಣೋ," ಅಂದರು. "ಪ ಸ ಸ ಅಂತ ಇರುವಾಗಲೇ ಲೋನ್ ಬೇಕಾ ಅಂತ ಕೇಳತ್ತೆ."