ಫೋಟೋಗೆ ಬಣ್ಣ ಆಮೇಲೆ ಹಚ್ಚೋಣ, ಮೊದಲು ಹೆಸರು ಬರೆಯೋಣ

ಹಳೆ ವಿದ್ಯಾರ್ಥಿಗಳ ಗ್ರೂಪುಗಳಲ್ಲಿ ಈಗ ಒಂದೇ ಹುಚ್ಚು. ಕಾಲೇಜಿನ ಕಪ್ಪು ಬಿಳುಪು ಫೋಟೋ ಒಂದು ಸಿಕ್ಕರೆ ಸಾಕು, ಎಐ ಆಪ್‌ಗೆ ಹಾಕಿ ಬಣ್ಣ ಬರಿಸಿ, ಮುಖಗಳನ್ನೆಲ್ಲ ನುಣ್ಣಗೆ ಮಾಡಿ ಹಾಕಿಬಿಡುತ್ತಾರೆ. ಲೈಕ್‌ಗಳ ಸುರಿಮಳೆ. ಇದರಲ್ಲಿ ಇರುವವರು ಯಾರ್‍ಯಾರು ಅಂತ ಕೇಳಿದರೆ ಯಾರೂ ಉಸಿರೆತ್ತುವುದಿಲ್ಲ. ಮೊನ್ನೆ ನೋಡಿದ ಒಂದರಲ್ಲಂತೂ ಹಿಂದಿನ ಸಾಲಿನ ಇಬ್ಬರಿಗೆ ಒಂದೇ ಮುಖ ಬಂದಿತ್ತು, ಇನ್ನೊಬ್ಬರ ಗಾಂಧಿ ಟೋಪಿ ನೀಲಿಯಾಗಿತ್ತು. ಯಾರದೋ ಅಜ್ಜನ ಮುಖ ಅದು. ಆಪ್‌ಗೆ ತೋಚಿದ ಹಾಗೆ ತಿದ್ದಿ, ಇದೇ ನಮ್ಮ ಇತಿಹಾಸ ಅನ್ನೋದು ಸರಿನಾ?

ಬೆಳಗಾವಿಯವರು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿನೇ ಎಚ್ಚರ ಇರಬೇಕು ಅಂತ ನನ್ನ ಅಭಿಪ್ರಾಯ. ಕಾರಣ ಇದೆ. ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ಅದರ ಇತಿಹಾಸದ ಫೋಟೋ ತೋರಿಸಿ ಅಂದರೆ ಅಧಿಕಾರಿಗಳ ಹತ್ತಿರ ಸಿಗುವುದು ಉದ್ಘಾಟನೆ, ಘಟಿಕೋತ್ಸವ, ಹಾರ, ಶಾಲು. ಹಾಗಾದರೆ ಈ ಊರಲ್ಲಿ ಪದವಿ ಓದುವ ಕತೆ ಶುರುವಾಗಿದ್ದು 2010ರಲ್ಲಾ? ಲಿಂಗರಾಜ ಕಾಲೇಜು 1933ರದು. ಶಿಕ್ಷಣಕ್ಕೆಂದು ಆಸ್ತಿ ಬಿಟ್ಟುಹೋದ ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರಿನದು. ಅಲ್ಲಿಯ ಮೊದಲ ಹುಡುಗರು ಓದಿದ್ದು ಮುಂಬೈ ವಿಶ್ವವಿದ್ಯಾಲಯದ ಪದವಿಗೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು, ಅದೂ ಮುಂಬೈನಲ್ಲೇ. ಮರುವರ್ಷ ಧಾರವಾಡಕ್ಕೆ ಬಂತು. ಆಮೇಲೆ ದಶಕಗಟ್ಟಲೆ ನಾವು ಧಾರವಾಡದವರು. ಈಗ ರಾಣಿ ಚನ್ನಮ್ಮದವರು. ಇಂಜಿನಿಯರಿಂಗ್ ಕಾಲೇಜುಗಳು 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಹೋದವು. ಕಟ್ಟಡ ಅದೇ, ಬೆಂಚು ಅದೇ, ಕೆಲವು ಕಡೆ ಮೇಷ್ಟ್ರೂ ಅವರೇ, ಬೋರ್ಡು ಮಾತ್ರ ಬೇರೆ. ಬೋರ್ಡು ಬದಲಾದಾಗಲೆಲ್ಲ ಹಳೆಯ ಕಾಗದ ಹಳೆಯವರ ಹತ್ತಿರವೇ ಉಳಿಯಿತು, ಹೊಸಬರು ಖಾಲಿ ಕಪಾಟಿನಿಂದ ಶುರು ಮಾಡಿದರು.

ಅದಕ್ಕೇ ಹೇಳುತ್ತಿರುವುದು, ನಮ್ಮ ವಿಶ್ವವಿದ್ಯಾಲಯದ ಹಳೆ ಫೋಟೋಗಳು ವಿಶ್ವವಿದ್ಯಾಲಯದಲ್ಲಿ ಇಲ್ಲ. ಕಾಲೇಜುಗಳ ಸ್ಟಾಫ್ ರೂಮಿನ ಗೋಡೆಯ ಮೇಲಿವೆ, ಗೋಕಾಕ, ಬೈಲಹೊಂಗಲ, ಜಮಖಂಡಿ, ಇಂಡಿ ಊರುಗಳ ಮನೆಗಳ ಟ್ರಂಕಿನಲ್ಲಿವೆ. ಅಲ್ಲಿಗೆ ಹೋಗಿ ಕೇಳಬೇಕು.

ನಾನು ಎಂಎ ಓದಿದ್ದು ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕ್ಯಾಂಪಸ್ಸಿನಲ್ಲಿ, ಅದಿನ್ನೂ ಧಾರವಾಡದ ವಿಶ್ವವಿದ್ಯಾಲಯದ ಪಿಜಿ ಸೆಂಟರ್ ಆಗಿದ್ದಾಗ. ನಮ್ಮ ಬ್ಯಾಚಿನ ಒಂದು ಫೋಟೋ ಇದೆ. ನಾವೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದೇವೆ, ಯಾಕೆಂದರೆ ನೆರಳು ಕೊಡುವ ಮರವೇ ಇರಲಿಲ್ಲ. ಹಿಂದೆ ಹೈವೇ ಕಾಣುತ್ತದೆ, ಒಂದು ಲಾರಿ ಕಾಣುತ್ತದೆ. ಇವತ್ತಿನ ಕ್ಯಾಂಪಸ್ ನೋಡಿದ ಹುಡುಗರಿಗೆ ತೋರಿಸಿದರೆ "ಸರ್, ಇದ್ಯಾವ ಊರು?" ಅನ್ನುತ್ತಾರೆ. ನಮ್ಮ ಚಂದಕ್ಕಾಗಿ ಯಾರೂ ಆ ಫೋಟೋ ನೋಡಬೇಕಿಲ್ಲ ಬಿಡಿ. ಆ ಬೋಳು ನೆಲಕ್ಕಾಗಿ ನೋಡಬೇಕು.

ಹಳೆ ಗ್ರೂಪ್ ಫೋಟೋ ಓದುವುದು ಒಂದು ಚಟ. ಒಮ್ಮೆ ಹಿಡಿದರೆ ಬಿಡುವುದಿಲ್ಲ. ಇಸವಿ ಬರೆಯದ ಫೋಟೋ ಸಿಕ್ಕರೆ ಮೊದಲು ಬೋರ್ಡು ನೋಡಿ. ಮೈಸೂರು ರಾಜ್ಯ ಅಂತ ಎಲ್ಲಾದರೂ ಇದ್ದರೆ ಆ ಬೋರ್ಡು ಬರೆಸಿದ್ದು 1956ರ ನವೆಂಬರಿನಿಂದ 1973ರ ನವೆಂಬರಿನ ಒಳಗೆ, ಯಾಕೆಂದರೆ ಅದಕ್ಕೂ ಮೊದಲು ನಾವು ಮುಂಬೈ ರಾಜ್ಯ, ಆಮೇಲೆ ಕರ್ನಾಟಕ. ಆಮೇಲೆ ತಲೆ ನೋಡಿ. ಪಟಕಾ ಎಷ್ಟು, ಗಾಂಧಿ ಟೋಪಿ ಎಷ್ಟು, ಕರಿ ಟೋಪಿ ಎಷ್ಟು, ಬರಿ ತಲೆ ಎಷ್ಟು. ಕುರ್ಚಿಯಲ್ಲಿ ಕೂತ ಪ್ರಾಧ್ಯಾಪಕರು ಮುಚ್ಚುಕಾಲರಿನ ಕೋಟು, ಧೋತರ. ಹಿಂದೆ ನಿಂತ ಹುಡುಗರು ಪ್ಯಾಂಟು. ಹೆಣ್ಣುಮಕ್ಕಳಿದ್ದರೆ ಒಂದು ಮೂಲೆಗೆ, ಬಹುತೇಕ ಕೂತಿರುತ್ತಾರೆ, ಅವರ ಮತ್ತು ಹುಡುಗರ ನಡುವೆ ಒಂದು ಕುರ್ಚಿಯಷ್ಟು ಜಾಗ ಬಿಟ್ಟಿರುತ್ತದೆ. ಆ ಜಾಗ ಯಾವ ದಶಕದಲ್ಲಿ ಮುಚ್ಚಿಹೋಯಿತು ಅಂತ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಬಹುದು. ಇದನ್ನು ಯಾವ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೂ ಬರೆಯುವುದಿಲ್ಲ. ಎಐ ಏನು ಮಾಡುತ್ತದೆ ಗೊತ್ತಾ? ಮಸುಕಾದ ಬೋರ್ಡಿನ ಅಕ್ಷರವನ್ನು ತಾನೇ ಊಹಿಸಿ ಯಾವ ಭಾಷೆಯೂ ಅಲ್ಲದ ಗೀಟು ಎಳೆಯುತ್ತದೆ. ನಮಗೆ ಬೇಕಾಗಿದ್ದ ಸಾಕ್ಷಿಯೇ ಅದಾಗಿತ್ತು!

ಹೆಸರಿಗೆ ಬರೋಣ. ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆ ತಿಲಕವಾಡಿಯಲ್ಲಿದೆ. ಅಲ್ಲಿ ಗ್ಯಾದರಿಂಗಿನ, ಅಂದರೆ ಕಾಲೇಜಿನ ವಾರ್ಷಿಕೋತ್ಸವದ ಒಂದು ಫೋಟೋ ಇಟ್ಟುಕೊಂಡು ಕೂತಿದ್ದೆ. ಜಿಮಖಾನಾ ಸೆಕ್ರೆಟರಿ, ಪ್ರಿನ್ಸಿಪಾಲರು, ಮುಖ್ಯ ಅತಿಥಿಗಳ ಹೆಸರು ಕೆಳಗೆ ಅಚ್ಚಾಗಿದೆ. ಉಳಿದವರದು ಇಲ್ಲ. ಸರ್ ಭೂತಗನ್ನಡಿ ಹಿಡಿದು ಒಬ್ಬೊಬ್ಬರನ್ನೇ ಬೆರಳಿಟ್ಟು ಹೇಳುತ್ತಾ ಹೋದರು. "ಇಂವ ನಮ್ಮ ಸವದತ್ತಿಯಾಂವ, ಭಾಳ ಛಲೋ ಹಾಡ್ತಿದ್ದ. ಇಂವ ಒಂದ ವರ್ಷ ಫೇಲಾಗಿ ಮತ್ತ ಬಂದಾಂವ. ಈಕಿ ಮುಂದ ಹೆಡ್‌ಮಾಸ್ತರ ಆದ್ಲು." ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡನೇ ಸಾಲಿನ ಮಧ್ಯೆ ಬಂದು ನಿಂತರು. "ಇಂವನ ಹೆಸರು... ನಮ್ಮಕಿ ಇದ್ದಿದ್ರ ಹೇಳತಿದ್ಲು." ಅವರ ಹೆಂಡತಿಯೂ ಅದೇ ಬ್ಯಾಚು. ಆ ಹುಡುಗನ ತಲೆಯ ಮೇಲೆ ನನ್ನ ಹಾಳೆಯಲ್ಲಿ ಇವತ್ತಿಗೂ ಪ್ರಶ್ನೆ ಚಿಹ್ನೆಯೇ ಇದೆ.

ಹೆಸರು ಬರೆದಿಟ್ಟರೆ ಉಳಿಯುತ್ತದೆ ಅನ್ನುವುದಕ್ಕೆ ನಮ್ಮ ಊರಲ್ಲೇ ಉದಾಹರಣೆ ಇದೆ. 1916ರಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದ ಏಳು ಮಂದಿ ಶಿಕ್ಷಕರನ್ನು ಸಪ್ತರ್ಷಿಗಳು ಅಂತ ಇವತ್ತಿಗೂ ಹೆಸರು ಹಿಡಿದು ನೆನೆಯುತ್ತಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಫೋಟೋಗಳಂತೂ ನೂರು ವರ್ಷ ತುಂಬಿದಾಗ ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ಗಾಂಧೀಜಿ ಇದ್ದಾರಲ್ಲ, ಅದಕ್ಕೆ ಜೋಪಾನ ಮಾಡಿದರು. ಧಾರವಾಡದ ವಿಶ್ವವಿದ್ಯಾಲಯ ಕಟ್ಟಿ ಬೆಳೆಸಿದ ಡಿ.ಸಿ. ಪಾವಟೆಯವರು ಗೋಕಾಕ ತಾಲ್ಲೂಕಿನ ಮಮದಾಪುರದವರು. ಆ ಕ್ಯಾಂಪಸ್ಸಿಗೆ ಪಾವಟೆ ನಗರ ಅಂತಲೇ ಹೆಸರು. ದೊಡ್ಡವರ ಚಿಂತೆ ಇಲ್ಲ. ಅವರ ಹಿಂದೆ ನಿಂತವರದೇ ಚಿಂತೆ.

ಇನ್ನೊಂದು ಮಾತು, ಇದನ್ನು ಯಾರೂ ಯೋಚಿಸುತ್ತಿಲ್ಲ ಅನ್ನಿಸುತ್ತದೆ. 1930ರ ಫೋಟೋಗಿಂತ 2005ರ ಫೋಟೋ ಹೆಚ್ಚು ಅಪಾಯದಲ್ಲಿದೆ. ಬೆಳ್ಳಿ ಲವಣದಿಂದ ಮಾಡಿದ ಹಳೆ ಕಪ್ಪು ಬಿಳುಪು ಪ್ರಿಂಟು ದಪ್ಪ ರಟ್ಟಿಗೆ ಅಂಟಿಕೊಂಡು ತೊಂಬತ್ತು ವರ್ಷ ತಡೆದಿದೆ. ಎಂಬತ್ತರ ದಶಕದ ಕಲರ್ ಪ್ರಿಂಟು ನೋಡಿ, ನೀಲಿ ಹಾರಿಹೋಗಿ ಎಲ್ಲರೂ ಕೆಂಪಗಾಗಿದ್ದಾರೆ. ಆಮೇಲೆ ಡಿಜಿಟಲ್ ಬಂತು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಶುರುವಾಗಿದ್ದು 2003ರಲ್ಲಿ, ಸರಿಯಾಗಿ ಆ ಕಾಲಕ್ಕೆ. ಆಗಿನ ಹುಡುಗಿಯರ ಹಾಸ್ಟೆಲ್ ಫೋಟೋ, ಟೂರಿನ ಫೋಟೋ ಎಲ್ಲಿರಬಹುದು ಹೇಳಿ? ಸಿಡಿಯಲ್ಲಿ, ಸತ್ತುಹೋದ ಹಾರ್ಡ್ ಡಿಸ್ಕಿನಲ್ಲಿ, ಇಲ್ಲಾ ಆಗಿನ ಸೋಷಿಯಲ್ ಮೀಡಿಯಾ ಆರ್ಕುಟ್‌ನಲ್ಲಿ. ಆರ್ಕುಟ್ 2014ರಲ್ಲೇ ಮುಚ್ಚಿತು. ಉಳಿದಿದ್ದು ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಮಂಜು ಮಂಜಾದದ್ದು. ಇದು ಬರೀ ಅಜ್ಜಂದಿರ ಕಾಲದ ಕೆಲಸ ಅಂದುಕೊಳ್ಳಬೇಡಿ. ಮೂವತ್ತೈದು ನಲವತ್ತರ ವಯಸ್ಸಿನವರೇ, ನಿಮ್ಮ ಹಳೆ ಪೆನ್ ಡ್ರೈವ್ ಮೊದಲು ಹುಡುಕಿ.

ಕಚೇರಿ ಬದಲಾಯಿಸುವಾಗ ಆಗುವ ನಷ್ಟ ಇನ್ನೂ ದೊಡ್ಡದು. ಕಾಲೇಜೊಂದರಲ್ಲಿ, ಹೆಸರು ಬೇಡ, ಹೊಸ ಬಣ್ಣ ಹೊಡೆಸುವಾಗ ಫ್ರೇಮುಗಳನ್ನೆಲ್ಲ ಇಳಿಸಿ ಗಾಜು ಒಂದು ಕಡೆ, ಕಟ್ಟಿಗೆ ಒಂದು ಕಡೆ ಮಾಡಿ, ಫೋಟೋಗಳನ್ನು ರದ್ದಿಗೆ ಹಾಕಿದರು. ನಾನು ಹೋಗಿ ಕೇಳುವಷ್ಟರಲ್ಲಿ ತೂಕ ಆಗಿ ಹೋಗಿತ್ತು. ಅಲ್ಲಿಯ ಸಿಪಾಯಿ ಮಾಮಾ ಒಬ್ಬರೇ ಬೇಜಾರು ಮಾಡಿಕೊಂಡವರು. ಈಗ ಹಿರೇಬಾಗೇವಾಡಿ ಹತ್ತಿರ ರಾಣಿ ಚನ್ನಮ್ಮದ ಹೊಸ ಕ್ಯಾಂಪಸ್ ಅಂತಿದ್ದಾರೆ. ಸಂತೋಷ. ಆದರೆ ಸಾಮಾನು ಲಾರಿಗೆ ಏರಿಸುವ ಮೊದಲು ಭೂತರಾಮನಹಟ್ಟಿಯ ಪ್ರತಿ ವಿಭಾಗದ ಕಪಾಟು ತೆಗೆದು ನೋಡಲು ಯಾರಾದರೂ ಒಬ್ಬರಿಗೆ ಜವಾಬ್ದಾರಿ ಕೊಡಲಿ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟು ನವನಗರಕ್ಕೆ ಬಂದವರು ಅವರು. ಮುಳುಗಿದ ಓಣಿಗಳು ಈಗ ಫೋಟೋದಲ್ಲೇ ಇರುವುದು.

ಖರ್ಚಿನ ಕೆಲಸ ಅಲ್ಲ ಇದು. ಫೋಟೋವನ್ನು ಆಲ್ಬಮ್ಮಿನ ಅಂಟಿನ ಹಾಳೆಯಿಂದ ಕಿತ್ತು ತೆಗೆಯಬೇಡಿ, ಹರಿಯುತ್ತದೆ, ಹಾಳೆ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ ಇಡಿ. ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆಯಬೇಡಿ, ಮುಂದೆ ಒತ್ತು ಮೂಡುತ್ತದೆ. ಮೆದು ಪೆನ್ಸಿಲ್ ಸಾಕು. ಮೂಲ ಸ್ಕ್ಯಾನ್ ಹಾಗೇ ಇರಲಿ, ಬಣ್ಣ ಗಿಣ್ಣ ಏನಿದ್ದರೂ ಬೇರೆ ಪ್ರತಿಯ ಮೇಲೆ, ಇದು ಎಐ ಮಾಡಿದ್ದು ಅಂತ ಬರೆದು ಹಾಕಿ. ಆನ್‌ಲೈನ್ ಸಂಗ್ರಹಗಳಲ್ಲಿ ಹುಡುಕುವವರು ಬೆಳಗಾವಿ, ವಿಜಯಪುರ ಅಂತ ಹುಡುಕಿ ಸುಮ್ನೆ ಕೈಬಿಡಬೇಡಿ. ಬೆಲ್ಗಾಂ, ಬಿಜಾಪುರ ಅಂತ ಇಂಗ್ಲಿಷಿನ ಹಳೆ ಸ್ಪೆಲ್ಲಿಂಗಿನಲ್ಲಿ ಹಾಕಿ. ಬಿಜಾಪುರದ್ದು 1885ಕ್ಕೂ ಹಿಂದಿನದಾದರೆ ಕಲಾದಗಿ ಜಿಲ್ಲೆ ಅಂತಲೂ ಹಾಕಿ ನೋಡಿ.

1982ರ ಸುಮಾರಿಗೆ ಪಿಜಿ ಸೆಂಟರ್ ಶುರುವಾದಾಗಿನ ಫೋಟೋ ಯಾರ ಹತ್ತಿರವಾದರೂ ಇದ್ದರೆ ನನಗೆ ಕಳಿಸಿ. ಮುಂದಿನದರ ಜೊತೆ ಹಿಂಬದಿಯನ್ನೂ ತೆಗೆದು ಕಳಿಸಿ, ಅಲ್ಲಿ ಏನೂ ಬರೆದಿಲ್ಲ ಅಂತ ನಿಮಗೆ ಅನ್ನಿಸಿದರೂ ಸರಿ. ಸ್ಟುಡಿಯೋದ ಸೀಲು ಇರಬಹುದು.