ಎಡಗಾಲಿನ ಹೆಬ್ಬೆರಳಿಗೊಂದು ಬೂಟು

ಬೈಕ್ ಕಲಿಸುವವರು ಮೊದಲ ತರಗತಿಗೆ ಮುಂಚೆ ಕಳುಹಿಸುವ ಸೂಚನಾಪತ್ರದಲ್ಲಿ ಹೆಲ್ಮೆಟ್ಟಿಗೆ ಇಡೀ ಒಂದು ಪ್ಯಾರಾ ಮೀಸಲು. ಕೈಗವಸಿಗೆ ಎರಡು ಸಾಲು. ಪಾದಕ್ಕೆ ಸಿಗುವುದು ಅರ್ಧ ಸಾಲು: ‘ಪಾದದ ಗಂಟು ಮುಚ್ಚುವ ಗಟ್ಟಿಮುಟ್ಟಾದ ಪಾದರಕ್ಷೆ ಕಡ್ಡಾಯ.’ ಉಳಿದರ್ಧ ಸಾಲಿನಲ್ಲಿ ನೀರಿನ ಬಾಟಲಿ ಮರೆಯಬೇಡಿ ಎಂದಿರುತ್ತದೆ. ಈ ಹಂಚಿಕೆಯೇ ಅನ್ಯಾಯ ಎನ್ನುವುದು ನನ್ನ ವಾದ. ಹೆಲ್ಮೆಟ್ಟಿಗೆ ಕೆಲಸ ಬೀಳುವುದು ನಾವು ಬಿದ್ದಾಗ. ಅಲ್ಲಿಯವರೆಗೆ ಅದು ತಲೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ಬೂಟಿಗೆ ಆ ಸುಖವಿಲ್ಲ. ಎಡಗಾಲು ಗೇರ್ ಬದಲಿಸಬೇಕು, ಬಲಗಾಲು ಹಿಂದಿನ ಚಕ್ರದ ಬ್ರೇಕ್ ಒತ್ತಬೇಕು, ನಿಂತಾಗ ಎರಡೂ ಸೇರಿ ನಮ್ಮ ಎರಡರಷ್ಟು ತೂಗುವ ಯಂತ್ರವನ್ನು ಪಕ್ಕಕ್ಕೆ ಮಲಗದಂತೆ ನೋಡಿಕೊಳ್ಳಬೇಕು. ಕಲಿಯುವುದು ಪಾದ, ಶುಲ್ಕ ಕಟ್ಟುವುದು ಕೈ, ಸರ್ಟಿಫಿಕೇಟಿನಲ್ಲಿ ಫೋಟೋ ಮಾತ್ರ ಮುಖದ್ದು.

ಯಾವುದನ್ನು ಗಟ್ಟಿಮುಟ್ಟು ಎನ್ನಬೇಕು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತ ಮೂಡಲಿಲ್ಲ. ಮಗಳು ತನ್ನ ಓಟದ ಶೂಗಳನ್ನು ಎತ್ತಿ ತಂದಳು. ಅವುಗಳ ಮೇಲ್ಭಾಗ ಗಾಳಿಯಾಡುವ ಬಲೆಬಟ್ಟೆ, ಅಡಿಭಾಗ ಸ್ಪಂಜು. ಓಡುವವರಿಗೆ ಎರಡೂ ವರ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಕಾಲಿಟ್ಟು ಕೂರುವವರಿಗೆ ಎರಡೂ ನಿಷ್ಪ್ರಯೋಜಕ. ಅಕ್ಕ ಕಚೇರಿಯ ಕರಿ ಶೂಗಳೇ ಸಾಕು ಎಂದಳು. ಅವು ಚರ್ಮದ್ದು, ನಿಜ. ಆದರೆ ಅಡಿಯೂ ನುಣುಪು ಚರ್ಮವೇ. ಮರಳಿನ ಮೇಲೋ, ಬಳಿದ ಬಿಳಿ ಪಟ್ಟೆಯ ಮೇಲೋ, ಚೆಲ್ಲಿದ ಎಣ್ಣೆಯ ಮೇಲೋ ಇಟ್ಟ ಕಾಲು ಇಟ್ಟಲ್ಲಿ ನಿಲ್ಲುವುದಿಲ್ಲ. ಭಾವನಿಗೆ ಈ ಚರ್ಚೆಯೇ ಹಾಸ್ಯಾಸ್ಪದವೆನಿಸಿತು. “ನಾವೆಲ್ಲ ಚಪ್ಪಲಿ ಹಾಕಿಕೊಂಡೇ ಕಲಿತವರು. ನಮಗೇನಾಗಿದೆ ಈಗ?” ಎಂದು ಕಾಲು ಚಾಚಿ ತೋರಿಸಿದರು. ತೋರಿಸಬಾರದಿತ್ತು. ಎಡಗಾಲಿನ ಹೆಬ್ಬೆರಳಿನ ಉಗುರು ಬೇರೆಲ್ಲ ಉಗುರುಗಳನ್ನು ಬಿಟ್ಟು ತನ್ನದೇ ದಿಕ್ಕಿನಲ್ಲಿ ಬೆಳೆದಿತ್ತು.

ಆ ಉಗುರಿನ ಇತಿಹಾಸ ಅರ್ಥವಾಗಬೇಕಾದರೆ ಗೇರಿನ ಲಿವರಿನ ಸ್ವಭಾವ ತಿಳಿದಿರಬೇಕು. ಎಡಗಾಲಿನ ಫುಟ್‌ರೆಸ್ಟಿನ ಮುಂದೆ, ಬೆರಳುಗಳ ಅಳತೆಗೆ, ಒಂದು ಪುಟ್ಟ ಸರಳು ಇರುತ್ತದೆ. ಈಗಿನ ಬಹುಪಾಲು ಬೈಕುಗಳಲ್ಲಿ ಒಂದನೆಯ ಗೇರಿಗೆ ಅದನ್ನು ಕೆಳಕ್ಕೆ ಒತ್ತಬೇಕು. ಎರಡು, ಮೂರು, ನಾಲ್ಕು, ಐದಕ್ಕೆಲ್ಲ ಅದರ ಅಡಿಗೆ ಬೆರಳು ತೂರಿಸಿ ಮೇಲಕ್ಕೆತ್ತಬೇಕು. ಅಂದರೆ ಒಂದು ಸಲ ತುಳಿತ, ಉಳಿದದ್ದೆಲ್ಲ ಎತ್ತುವಿಕೆ. ಬರಿ ಬೆರಳಿನಿಂದ ಕಬ್ಬಿಣವನ್ನು ವರ್ಷಗಟ್ಟಲೆ ಎತ್ತಿದರೆ ಉಗುರು ದಿಕ್ಕು ಬದಲಿಸದೆ ಇನ್ನೇನು ಮಾಡೀತು? ಹಿಮ್ಮಡಿಯಿಂದಲೂ ಒತ್ತಬಹುದಾದ ಎರಡು ತುದಿಯ ಲಿವರ್ ಕೆಲವು ಬೈಕುಗಳಲ್ಲಿದೆ. ಅಂಥ ಬೈಕಿನಲ್ಲಿ ಕಲಿಯಲು ಸಿಕ್ಕವರು ಪುಣ್ಯವಂತರು, ಅವರು ಈ ಬರಹವನ್ನು ಇಲ್ಲಿಗೇ ಬಿಡಬಹುದು.

ನಿಜವಾದ ಪರೀಕ್ಷೆ ನ್ಯೂಟ್ರಲ್. ಅದು ಒಂದು ಮತ್ತು ಎರಡರ ನಡುವೆ ಅರ್ಧ ಹೆಜ್ಜೆಯಷ್ಟು ಜಾಗದಲ್ಲಿ ಅಡಗಿರುತ್ತದೆ. ಸ್ವಲ್ಪ ಹೆಚ್ಚು ಎತ್ತಿದರೆ ಎರಡಕ್ಕೆ ಹೋಗುತ್ತದೆ, ಸ್ವಲ್ಪ ಹೆಚ್ಚು ಒತ್ತಿದರೆ ಒಂದಕ್ಕೆ ಬರುತ್ತದೆ. ಬೆರಳಿಗೆ ಲಿವರಿನ ಸಣ್ಣ ‘ಟಕ್’ ತಿಳಿದರೆ ಮಾತ್ರ ಹಸಿರು ದೀಪ ಹತ್ತುತ್ತದೆ. ದಪ್ಪ ಬೂಟು ತೊಟ್ಟು ನ್ಯೂಟ್ರಲ್ ಹುಡುಕುವುದೆಂದರೆ ಕಂಬಳಿಯ ಮೇಲಿಂದ ನಾಡಿ ನೋಡಿದ ಹಾಗೆ. ಆದ್ದರಿಂದಲೇ ಕಲಿಯುವವರ ಬೂಟಿನ ವಿಷಯದಲ್ಲಿ ನನ್ನ ನಿಲುವು ಖಚಿತ: ಹಿಮ್ಮಡಿ ಎಷ್ಟೇ ಗಟ್ಟಿ ಇರಲಿ, ಪಾದದ ಗಂಟಿನ ಸುತ್ತ ಎಷ್ಟೇ ಪದರ ಇರಲಿ, ಮೂತಿ ಮಾತ್ರ ತೆಳುವಾಗಿರಬೇಕು. ಅನುಭವಿಗಳು ಲಿವರಿನ ಬೋಲ್ಟ್ ಸಡಿಲಿಸಿ ತಮ್ಮ ಬೂಟಿಗೆ ತಕ್ಕಂತೆ ಎತ್ತರಿಸಿಕೊಳ್ಳುತ್ತಾರೆ. ತರಗತಿಯ ಬೈಕು ಊರೆಲ್ಲರ ಕಾಲಿಗೆ ಸೇರಿದ್ದು. ಅದು ನಮಗೆ ಹೊಂದಿಕೊಳ್ಳುವುದಿಲ್ಲ. ನಾವೇ ಅದಕ್ಕೆ ಹೊಂದಿಕೊಳ್ಳುವ ಮೂತಿ ಹೊಂದಿಸಿಕೊಳ್ಳಬೇಕು.

ಇಷ್ಟು ಸಿದ್ಧಾಂತವನ್ನು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. “ಬೈಕ್ ಕಲಿಯಲು ಬೂಟು ಬೇಕು” ಎಂದ ಕೂಡಲೇ ಅಲ್ಲಿನ ಹುಡುಗ ಮೊಣಕಾಲಿನವರೆಗೆ ಬರುವ ರೇಸಿನ ಬೂಟು ತಂದ. ಅದನ್ನು ತೊಟ್ಟು ನಿಂತರೆ ಕೂರಲು ಆಗುವುದಿಲ್ಲ, ಕುಳಿತರೆ ಏಳಲು ಆಗುವುದಿಲ್ಲ. ನಡೆಯುವಾಗ ಎರಡೂ ಬೂಟುಗಳು ಒಂದಕ್ಕೊಂದು ಕೀರಲು ದನಿಯಲ್ಲಿ ಮಾತನಾಡುತ್ತಿದ್ದವು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟದ ತರಗತಿಗೆ ಇಷ್ಟೊಂದು ಯುದ್ಧಸನ್ನಾಹ ಏಕೆ ಎಂದರೆ, “ಮುಂದೆ ಉಪಯೋಗಕ್ಕೆ ಬರುತ್ತದೆ ಸರ್” ಎಂದ. ಆತನ ವಿಶ್ವಾಸ ನನ್ನ ಮೇಲೋ ಬೂಟಿನ ಮೇಲೋ ತಿಳಿಯಲಿಲ್ಲ.

ಎರಡನೆಯದು ಮೂತಿಯಲ್ಲಿ ಉಕ್ಕಿನ ಟೊಪ್ಪಿಗೆ ಇರುವ, ಕಾರ್ಖಾನೆಯವರು ತೊಡುವ ಬೂಟು. ಆ ಉಕ್ಕು ಜಜ್ಜಿದರೆ ಬೆರಳೇ ತುಂಡಾಗುತ್ತದೆ ಎಂದು ಹೆದರಿಸುವವರೂ ಇದ್ದಾರೆ, ಅದಿಲ್ಲದೆ ಬೈಕನ್ನು ಮುಟ್ಟಲೇಬಾರದು ಎನ್ನುವವರೂ ಇದ್ದಾರೆ. ನನ್ನ ತಕರಾರು ಅಲ್ಲಿ ಅಲ್ಲ, ದಪ್ಪದಲ್ಲಿ. ಅದು ಲಿವರಿನ ಕೆಳಗೆ ತೂರುತ್ತದೆಯೇ ಎಂದು ನೋಡದೆ ಕೊಳ್ಳುವುದು ಹೇಗೆ? ಅಂಗಡಿಯಲ್ಲಿ ಬೈಕ್ ಇರಲಿಲ್ಲ. ಹಾಗಾಗಿ ಸ್ಟೂಲಿನ ಅಡ್ಡಪಟ್ಟಿಯನ್ನು ಫುಟ್‌ರೆಸ್ಟ್ ಎಂದುಕೊಂಡು, ಎದುರಿನ ಶೆಲ್ಫಿನ ತೀರ ಕೆಳಗಿನ ಸರಳನ್ನು ಲಿವರ್ ಎಂದು ಭಾವಿಸಿ, ಎರಡೂ ಕೈಗಳಲ್ಲಿ ಗಾಳಿಯ ಹ್ಯಾಂಡಲ್ ಹಿಡಿದು, ಎಡಗೈಯಲ್ಲಿ ಇಲ್ಲದ ಕ್ಲಚ್ ಒತ್ತಿ, ಮೂತಿಯನ್ನು ಸರಳಿನ ಅಡಿಗೆ ತೂರಿಸಿ ಎತ್ತಿದೆ. ಮೂತಿ ಸಿಕ್ಕಿಕೊಂಡಿತು. ಇನ್ನಷ್ಟು ಬಲ ಹಾಕಿದೆ. ಸರಳು ತನ್ನ ಕೊಕ್ಕೆಗಳಿಂದ ಎದ್ದು ಬಂದಿತು. ಗೇರ್ ಬಿದ್ದಿತೋ ಇಲ್ಲವೋ, ಡಬ್ಬಿಗಳಂತೂ ಬಿದ್ದವು. ಹುಡುಗ ಅವನ್ನು ಎತ್ತಿಡುತ್ತ, “ಸರ್, ಇದೇ ಬೂಟು ಪ್ಯಾಕ್ ಮಾಡಲೇ?” ಎಂದು ಕೇಳಿದ. ವ್ಯಾಪಾರದಲ್ಲಿ ಮುಂದೆ ಬರುವ ಲಕ್ಷಣ ಅವನಲ್ಲಿದೆ.

ಬೂಟಿನ ನಾಲಿಗೆಯ ಒಳಗಡೆ ಇರುವ ಚೀಟಿಯನ್ನು ಓದುವ ಅಭ್ಯಾಸ ಯಾರಿಗೂ ಇಲ್ಲ, ಮಾರುವವರಿಗೂ ಇಲ್ಲ. ಮೋಟಾರ್‌ಸೈಕಲ್ ಬೂಟುಗಳಿಗೆಂದೇ ಇಎನ್ 13634 ಎಂಬ ಯುರೋಪಿನ ಮಾನದಂಡವಿದೆ. ಅದಕ್ಕೆ ಒಪ್ಪಿದ ಬೂಟಿನ ಮೇಲೆ ಬೈಕ್ ಸವಾರನ ಪುಟ್ಟ ಚಿತ್ರವೂ, 1 ಅಥವಾ 2 ಎಂದು ಬರೆದ ನಾಲ್ಕು ಅಂಕಿಗಳೂ ಇರುತ್ತವೆ: ಎತ್ತರಕ್ಕೆ ಒಂದು, ರಸ್ತೆಗೆ ಉಜ್ಜಿದಾಗ ಸವೆಯದೆ ಉಳಿಯುವುದಕ್ಕೆ ಒಂದು, ಹರಿತವಾದದ್ದು ತಗಲಿದರೆ ಸೀಳದಿರುವುದಕ್ಕೆ ಒಂದು, ಅಡ್ಡಲಾಗಿ ಅದುಮಿದಾಗ ಅಪ್ಪಚ್ಚಿಯಾಗದಿರುವುದಕ್ಕೆ ಒಂದು. ಕೊನೆಯದರ ಮೇಲೆ ನನಗೆ ವಿಶೇಷ ಗೌರವ. ಹೊಸಬರು ಬೀಳುವುದು ವೇಗದಲ್ಲಿ ಅಲ್ಲ, ನಿಂತಲ್ಲಿ. ಹಾಗೆ ನಿಧಾನವಾಗಿ ವಾಲಿದ ಬೈಕು ಪಾದದ ಮೇಲೆಯೇ ಬಂದು ಒರಗುತ್ತದೆ. ಚೀಟಿ ಸಿಗದಿದ್ದರೆ ಬೂಟಿನ ಅಡಿಯನ್ನು ಎರಡೂ ಬದಿಯಿಂದ ಹಿಡಿದು ಹಿಂಡಿ ನೋಡಬಹುದು. ಕೈಗೇ ಮಡಚುವ ಬೂಟು ಬೈಕಿಗೆ ಬಗ್ಗದೆ ಇದ್ದೀತೇ? ಕೊನೆಗೆ ನಾನು ಕೊಂಡದ್ದು ಪಾದದ ಗಂಟನ್ನು ದಾಟಿ ಎರಡು ಬೆರಳು ಮೇಲಕ್ಕೆ ಹೋಗುವ, ಕಂದು ಚರ್ಮದ, ಪಕ್ಕದಲ್ಲಿ ಜಿಪ್ ಇರುವ, ಯಾರೂ ತಿರುಗಿ ನೋಡದಂಥ ಒಂದು ಜೊತೆ. ಹೊಸ ಚರ್ಮ ಹಿಮ್ಮಡಿ ಕಚ್ಚದಿರಲೆಂದು ತರಗತಿಗೆ ಮುಂಚೆ ಮನೆಯೊಳಗೇ ತೊಟ್ಟು ತಿರುಗಾಡಿದೆ. ಕೆಳಗಿನ ಮನೆಯವರು ಮೇಲೆ ಬಂದು ಮರಗೆಲಸ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿಕೊಂಡು ಹೋದರು.

ತರಗತಿಯ ದಿನ ಬೋಧಕರು ನಮಸ್ಕಾರಕ್ಕೂ ಮುಂಚೆ ಎಲ್ಲರ ಕಾಲು ನೋಡಿದರು. ಸಾಲಾಗಿ ನಿಂತವರ ಮುಂದೆ ತಲೆ ತಗ್ಗಿಸಿ ನಡೆದು ಬರುವ ಅವರನ್ನು ಕಂಡರೆ ಬಹಳ ವಿನಯವಂತರು ಎನಿಸುತ್ತಿತ್ತು. ಬಟ್ಟೆಯ ಶೂ ತೊಟ್ಟಿದ್ದ ಯುವಕನೊಬ್ಬನಿಗೆ ಅಲ್ಲಿಯೇ ಮಂಗಳಾರತಿಯಾಯಿತು. ಪಾದದ ಗಂಟೇನೋ ಮುಚ್ಚಿತ್ತು. ಆದರೆ ಮುಚ್ಚಿದ್ದು ಬಟ್ಟೆ, ಅದಕ್ಕೆ ಕಾಲುಚೀಲಕ್ಕಿಂತ ಹೆಚ್ಚಿನ ಪದವಿ ಕೊಡಲು ಬೋಧಕರು ಒಪ್ಪಲಿಲ್ಲ. ಆತನ ಪಕ್ಕದಲ್ಲಿದ್ದ ಹಿರಿಯರು ಮಳೆಗಾಲದ ಗಮ್‌ಬೂಟ್ ತೊಟ್ಟು ಬಂದಿದ್ದರು. ಬೋಧಕರು ಅದರ ಮುಂದೆ ಬಹಳ ಹೊತ್ತು ನಿಂತರು. ಗಂಟು ಮುಚ್ಚಿದೆ, ಹಿಮ್ಮಡಿ ಇದೆ, ಲೇಸ್ ಇಲ್ಲ, ಅಡಿ ಜಾರುವುದಿಲ್ಲ. ನಿಯಮದ ಒಂದಕ್ಷರವನ್ನೂ ಮುರಿಯದ ಆ ಬೂಟನ್ನು ಬೇಡವೆನ್ನಲು ಕಾರಣ ಸಿಗದೆ ಮುಂದೆ ಸರಿದರು. ಕಾರಣ ಆಮೇಲೆ ಸಿಕ್ಕಿತು. ಎರಡನೆಯ ಗೇರಿಗೆ ಎತ್ತಲು ಹಿರಿಯರು ಮೂತಿ ತೂರಿಸಿದಾಗ ಉಬ್ಬಿದ ರಬ್ಬರ್ ಲಿವರಿನ ಅಡಿಯಲ್ಲಿ ಬೆಣೆಯಾಗಿ ಕುಳಿತುಬಿಟ್ಟಿತು. ಬೈಕ್ ನಿಂತಿತು, ಅವರು ಕಾಲು ಕೆಳಗಿಟ್ಟರು. ಕೆಳಗೆ ಬಂದದ್ದು ಕಾಲುಚೀಲ ಮಾತ್ರ. ಬೂಟು ಫುಟ್‌ರೆಸ್ಟಿನ ಮೇಲೆಯೇ ಸವಾರಿಯ ಭಂಗಿಯಲ್ಲಿ ಉಳಿದಿತ್ತು.

ಲೇಸಿನದು ಇನ್ನೂ ದೊಡ್ಡ ಅಧ್ಯಾಯ. ನಡೆಯುವಾಗ ಲೇಸ್ ಬಿಚ್ಚಿಕೊಂಡರೆ ಮುಗ್ಗರಿಸಬಹುದು, ಅಷ್ಟೇ. ಬೈಕಿನ ಮೇಲೆ ಅದರ ಕುಣಿಕೆ ಲಿವರಿಗೋ ಫುಟ್‌ರೆಸ್ಟಿಗೋ ಸದ್ದಿಲ್ಲದೆ ಸಿಕ್ಕಿಕೊಳ್ಳುತ್ತದೆ. ಓಡುವಾಗ ಏನೂ ತಿಳಿಯುವುದಿಲ್ಲ. ನಿಲ್ಲಿಸಿ ಕಾಲು ಕೆಳಗಿಡಲು ಹೋದಾಗಲೇ ಅದು ಬಿಡುವುದಿಲ್ಲ ಎಂದು ಗೊತ್ತಾಗುವುದು. ನಮ್ಮ ಗುಂಪಿನ ಹುಡುಗಿಯೊಬ್ಬಳು ಅಚ್ಚುಕಟ್ಟಾಗಿ ಗೆರೆಯ ಮುಂದೆ ನಿಲ್ಲಿಸಿ, ಬೋಧಕರಿಂದ “ಭೇಷ್” ಎನಿಸಿಕೊಂಡು, ಆ ಭೇಷ್ ಮುಗಿಯುವುದರೊಳಗೆ ಬಹಳ ಗಂಭೀರವಾಗಿ ಎಡಕ್ಕೆ ವಾಲಿದಳು. ಗಟ್ಟಿ ಬೂಟು ಇದ್ದುದರಿಂದ ಕಾಲಿಗೆ ಏನೂ ಆಗಲಿಲ್ಲ. ಅಂದಿನಿಂದ ಎಲ್ಲರೂ ಕುಣಿಕೆಯನ್ನು ಬೂಟಿನೊಳಗೆ ತೂರಿಸಿಕೊಂಡೆವು. ಜಿಪ್ಪಿನವನಾದ ನನಗೆ ತೂರಿಸಲು ಏನೂ ಇರಲಿಲ್ಲ. ಆದರೂ ಸಾಮೂಹಿಕ ಭಾವನೆಗೆ ಓಗೊಟ್ಟು ಬಗ್ಗಿ ನೋಡಿಕೊಂಡೆ.

ಮಧ್ಯಾಹ್ನ ಸುಟ್ಟ ವಾಸನೆ ಬಂದಿತು. ಹೊಸಬರ ತರಗತಿಯಲ್ಲಿ ಸುಟ್ಟ ವಾಸನೆ ಎಂದರೆ ಕ್ಲಚ್ ಎಂದೇ ಲೆಕ್ಕ. ಎಂಜಿನ್ ನಿಲ್ಲಿಸಲಾಯಿತು. ಬೋಧಕರು ಮಂಡಿಯೂರಿ ಮೂಸಿದರು, ಅವರ ಸಹಾಯಕರು ಮೂಸಿದರು, ಯಂತ್ರದ ಬಗ್ಗೆ ಏನೂ ತಿಳಿಯದ ನಾವೂ ಸರದಿಯಲ್ಲಿ ಮೂಸಿದೆವು. ಸವಾರ ಮಾತ್ರ ನಿರಾಳವಾಗಿ ಕುಳಿತಿದ್ದ, ಬಲಗಾಲಿನ ಮೆತ್ತನೆಯ ಹಿಮ್ಮಡಿಯನ್ನು ಸೈಲೆನ್ಸರಿಗೆ ಆನಿಸಿಕೊಂಡು. ಕ್ಲಚ್ ಕ್ಷೇಮವಾಗಿತ್ತು. ಶೂ ಬಿಡಿಸಿದಾಗ ಅದರ ಒಂದು ಭಾಗ ಸೈಲೆನ್ಸರಿನ ಮೇಲೆಯೇ ಉಳಿದುಕೊಂಡಿತು, ಮಾಡಿದ ಕಂಪನಿಯ ಗುರುತಿನ ಸಮೇತ.

ಇಷ್ಟೆಲ್ಲ ಆದರೂ ಮೊದಲ ತರಗತಿಯ ಬಹುಭಾಗ ಸವಾರಿಯೇ ಇರುವುದಿಲ್ಲ ಎನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕ್ಲಚ್ಚನ್ನು ನಿಧಾನವಾಗಿ ಬಿಟ್ಟಾಗ ಬೈಕು ಎಳೆಯತೊಡಗುವ ಒಂದು ಹಂತವಿದೆಯಲ್ಲ, ಅದನ್ನು ಕಂಡುಕೊಳ್ಳಲು ಎರಡೂ ಕಾಲುಗಳನ್ನು ನೆಲದ ಮೇಲೇ ಇಟ್ಟು ಬೈಕನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ತಳ್ಳುವುದು, ಮತ್ತೆ ಮುಂದಕ್ಕೆ ಬಿಡುವುದು. ಆಮೇಲೆ ಅದರ ಮೇಲೆ ಕುಳಿತೇ ಮೈದಾನದುದ್ದಕ್ಕೂ ನಡೆಯುವುದು. ಹಣ ಕೊಟ್ಟು ಬೈಕ್ ಹತ್ತಿ ನಡೆದುಕೊಂಡು ಹೋಗುವ ಈ ವಿದ್ಯೆಯಲ್ಲಿ ಹಿಡಿತವಿರುವ ಅಡಿ ಎಷ್ಟು ದೊಡ್ಡ ಸಂಪತ್ತು ಎಂಬುದು ಅಡಿ ಸವೆದ ಬೂಟಿನವರ ಮುಖ ನೋಡಿದರೆ ತಿಳಿಯುತ್ತದೆ. ಕುಳ್ಳಗಿರುವವರು ಸೀಟಿನಿಂದ ನೆಲ ಎಟುಕಲೆಂದು ದಪ್ಪ ಅಡಿಯ ಬೂಟು ಹುಡುಕುವುದುಂಟು. ಎಟುಕುತ್ತದೆ, ಸರಿ. ಆದರೆ ಆ ದಪ್ಪದ ಮೂಲಕ ಹಿಂದಿನ ಬ್ರೇಕ್ ಎಷ್ಟು ಒತ್ತಿತು ಎಂದು ಬಲಗಾಲಿಗೆ ತಿಳಿಯುವುದಿಲ್ಲ. ತಿಳಿಯದ ಕಾಲು ಯಾವಾಗಲೂ ಜಾಸ್ತಿಯೇ ಒತ್ತುತ್ತದೆ, ಚಕ್ರ ಕಟ್ಟಿಕೊಂಡು ಜಾರುತ್ತದೆ. ಎರಡೂ ಹಿಮ್ಮಡಿ ನೆಲಕ್ಕೆ ತಾಗಲೇಬೇಕೆಂದಿಲ್ಲ, ಒಂದು ಕಾಲು ಭದ್ರವಾಗಿ ಊರಿದರೆ ನಡೆಯುತ್ತದೆ. ಬೋಧಕರೇ ನನಗಿಂತ ಒಂದು ಗೇಣು ಕುಳ್ಳಗಿದ್ದರು.

ನನ್ನ ಕಂದು ಬೂಟು ಪರೀಕ್ಷೆಯಲ್ಲೂ ಜೊತೆಗಿತ್ತು, ಈಗಲೂ ಇದೆ. ಗೇರ್ ಎತ್ತಿ ಎತ್ತಿ ಎಡಗಾಲಿನ ಮೂತಿಯ ಮೇಲೆ ಲಿವರಿನ ರಬ್ಬರು ಕರಿ ಪಟ್ಟೆ ಎಳೆದಿತ್ತು, ಆಮೇಲೆ ಅಲ್ಲಿ ಚರ್ಮವೇ ಸವೆಯತೊಡಗಿತು. ಇದಕ್ಕೆಂದೇ ತೊಡಿಸುವ ರಬ್ಬರ್ ಪಟ್ಟಿಗಳು ಸಿಗುತ್ತವೆ. ನನಗೆ ಹೊಲಿಸಿದ್ದೇ ಭದ್ರವೆನಿಸಿತು. ಚಮ್ಮಾರರಿಗೆ ಎಡ ಬೂಟನ್ನು ಮಾತ್ರ ಕೊಟ್ಟು ಮೂತಿಗೊಂದು ತೇಪೆ ಹಾಕಲು ಕೇಳಿದೆ. ಅವರು ಬೂಟನ್ನೂ ನನ್ನ ಎರಡೂ ಕಾಲುಗಳನ್ನೂ ನೋಡಿ, “ಇನ್ನೊಂದು ಎಲ್ಲಿ?” ಎಂದರು. ಜೊತೆಯನ್ನು ಅಗಲಿಸಿ ಕೆಲಸ ಮಾಡುವ ಪದ್ಧತಿ ತಮ್ಮಲ್ಲಿಲ್ಲವೆಂದು ತಿಳಿಸಿದರು. ಬಲ ಬೂಟನ್ನೂ ತಂದುಕೊಟ್ಟೆ. ಎರಡಕ್ಕೂ ಒಂದೇ ಅಳತೆಯ, ಒಂದೇ ಹೊಲಿಗೆಯ ತೇಪೆ ಹಾಕಿ ಎಡದ್ದಕ್ಕೆ ಮಾತ್ರ ಹಣ ತೆಗೆದುಕೊಂಡರು. ಹಳೆಯ ಬ್ರಿಟಿಷ್ ಬೈಕುಗಳಲ್ಲಿ 1970ರ ದಶಕದ ಮಧ್ಯಭಾಗದವರೆಗೂ ಗೇರಿನ ಲಿವರ್ ಬಲಗಾಲಿನ ಕಡೆಗೇ ಇರುತ್ತಿತ್ತು. ಅಂಥದೊಂದನ್ನು ಯಾರಾದರೂ ಮಾರುವವರಿದ್ದರೆ ತಿಳಿಸಿ, ಬೂಟು ಸಿದ್ಧವಾಗಿದೆ.