ಟವರ್ ಬೇಡ, ದಿಂಬಿನಡಿ ಫೋನ್ ಇರಲಿ!

ನಮ್ಮೂರಿಗೆ ಮೊಬೈಲ್ ಟವರ್ ಬರುತ್ತದಂತೆ ಅಂತ ಸುದ್ದಿ ಹಬ್ಬಿದ್ದೇ ತಡ, ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರುವಾಯಿತು. ಶಾಲೆಯ ಹತ್ತಿರ ಬೇಡ, ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ ಅಂತ ಕೆಲವರು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಿದ್ದು ಮರೆತಿರಾ, ಮಳೆಗಾಲದಲ್ಲಿ ಫೋನ್ ಬೇಕೇ ಬೇಕು ಅಂತ ಇನ್ನು ಕೆಲವರು. ಬೇಡ ಅಂದವರೂ ಆ ಮೆಸೇಜ್ ಕಳಿಸಿದ್ದು ತೋಟದ ಗೇಟಿನ ಹತ್ತಿರ ನಿಂತು. ನಮ್ಮಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

ಅವರ ಭಯವನ್ನು ನೋಡಿ ನಾನು ನಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಮೊಬೈಲ್ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಕ್ಯಾನ್ಸರ್ ತಂದರೂ ತರಬಹುದು, ಆದರೆ ಪುರಾವೆ ಸಾಲದು ಅನ್ನುವ ಗುಂಪು ಅದು. ಅದೇ ಗುಂಪಿನಲ್ಲಿ ಇಪ್ಪತ್ತೈದು ವರ್ಷ ಯಾರಿದ್ದರು ಗೊತ್ತಾ? ನಮ್ಮ ಕಾಫಿ! ಮೂತ್ರಕೋಶದ ಕ್ಯಾನ್ಸರಿನ ಅನುಮಾನದ ಮೇಲೆ 1991ರಲ್ಲಿ ಸೇರಿಸಿದರು, 2016ರಲ್ಲಿ ತೆಗೆದರು. ಅಷ್ಟೂ ವರ್ಷ ಕೊಡಗಿನಲ್ಲಿ ಯಾರೂ ಲೋಟ ಕೆಳಗಿಟ್ಟಿದ್ದು ನಾನು ನೋಡಿಲ್ಲ. ಹಾಗಂತ ಮೊಬೈಲನ್ನೂ ಒಂದು ದಿನ ತೆಗೆದೇ ತೆಗೆಯುತ್ತಾರೆ ಅಂತ ಹೇಳುತ್ತಿಲ್ಲ.

ನಾವು ಹೆದರಬೇಕಾದ ಜಾಗ ಬೇರೆ ಇದೆ. ಗದ್ದೆಯ ಆಚೆ ಇರುವವರನ್ನು ಕರೆಯಬೇಕಾದರೆ ಜೋರಾಗಿ ಕೂಗುತ್ತೇವೆ, ಅಲ್ವಾ? ಫೋನೂ ಹಾಗೆಯೇ. ಟವರ್ ದೂರವಿದ್ದು ಸಿಗ್ನಲ್ ಕಮ್ಮಿಯಾದಷ್ಟೂ ಜಾಸ್ತಿ ಶಕ್ತಿ ಹಾಕಿ ಕೂಗುತ್ತದೆ. ನಮ್ಮ ಕಡೆ ಬ್ಯಾಟರಿ ಬೇಗ ಇಳಿಯುವುದಕ್ಕೆ ಅದೂ ಒಂದು ಕಾರಣ. ತರಂಗದ ಬಲವಾದರೋ ದೂರ ಹೋದಂತೆ ಸರಸರನೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಕಾಲು ಭಾಗ. ಅಂದರೆ ಗುಡ್ಡದ ಮೇಲಿನ ಟವರಿಗಿಂತ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಮಗುವಿನ ದಿಂಬಿನಡಿ ಇರುವ ಫೋನೇ ಹತ್ತಿರದ ನೆಂಟ. ಟವರಿನ ತರಂಗಕ್ಕೆ ಭಾರತದಲ್ಲಿ 2012ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗದ ಮಿತಿ ಇದೆ. ನಮ್ಮ ದಿಂಬಿಗೆ ಯಾರು ಮಿತಿ ಹಾಕುತ್ತಾರೆ?

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ಮಗ ಏಳನೇ ಕ್ಲಾಸು. ಅವನ ಶಾಲೆಯ ಗೇಟಿನಲ್ಲಿ ‘ಮಕ್ಕಳು ಮೊಬೈಲ್ ತರಬಾರದು’ ಅಂತ ದೊಡ್ಡ ಬೋರ್ಡ್ ಇದೆ. ಫ್ರಾನ್ಸ್ ಕೂಡ 2018ರಲ್ಲಿ ಹದಿನೈದರವರೆಗಿನ ಮಕ್ಕಳಿಗೆ ಶಾಲೆಯಲ್ಲಿ ಫೋನ್ ಬೇಡ ಅಂತ ಕಾನೂನು ಮಾಡಿತು, ಒಳ್ಳೆಯದೇ. ಆದರೆ ಸಂಜೆ ಆರು ಗಂಟೆಗೆ ಅದೇ ಬೋರ್ಡಿನ ಶಾಲೆಯಿಂದ ಹೋಂವರ್ಕ್ ಪಿಡಿಎಫ್ ಬರುತ್ತದೆ! ‘ಅಮ್ಮ, ಹೋಂವರ್ಕ್ ನೋಡ್ಬೇಕು’ ಅಂತ ಫೋನ್ ತೆಗೆದುಕೊಂಡು ಹೋಗುತ್ತಾನೆ. ಹತ್ತು ನಿಮಿಷ ಲೆಕ್ಕ, ಆಮೇಲೆ ರೀಲ್ಸ್. ಒಂದು ರಾತ್ರಿ ಒಂದು ಗಂಟೆಗೆ ಎದ್ದು ನೋಡಿದರೆ ಕಂಬಳಿಯೊಳಗೆ ಬೆಳಕು. ಫೋನ್ ಮುಟ್ಟಿದರೆ ಕಾವಲಿಯ ಹಾಗೆ ಬಿಸಿ.

ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿದೆ, ಡೈರಿಯಲ್ಲಿ ಬರೆಸಬಾರದಾ ಅಂತ. ‘ಮೇಡಂ, ಈಗ ಎಲ್ಲಾ ಕಡೆ ಹೀಗೇ’ ಅಂದರು. ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವ ಮಕ್ಕಳು ಏನು ಮಾಡಬೇಕು? ಮನೆಗೆ ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಕೋವಿಡ್ ಸಮಯದಲ್ಲಿ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಶನಿವಾರಸಂತೆ ಹತ್ತಿರದ ಮುಳ್ಳೂರಿನ ಮೇಷ್ಟ್ರೊಬ್ಬರು ನೆಟ್‌ವರ್ಕಿಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಮಾಡಿದ್ದರು. ಈಗ ಮಕ್ಕಳು ಎದುರಿಗೇ ಕೂತಿರುತ್ತಾರಲ್ಲ, ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯಲು ಏನು ಕಷ್ಟ?

ಶಾಲೆಯನ್ನೇ ಬೈದು ನಾನು ಒಳ್ಳೆಯವಳಾಗುವುದೂ ಸರಿಯಲ್ಲ. ಮಗ ನಾಲ್ಕು ವರ್ಷದವನಿದ್ದಾಗ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಕಣದ ಪಕ್ಕ ಕೂರಿಸಿ ಅವನ ಕೈಗೆ ಫೋನ್ ಕೊಟ್ಟವಳು ನಾನೇ. ಆಗ ಅದೆಷ್ಟು ಆರಾಮ ಅನಿಸಿತ್ತು!

ಈಗ ಒಂದು ಕಟ್ಟಳೆ ಮಾಡಿದ್ದೇವೆ. ಹೋಂವರ್ಕ್ ಡೌನ್‌ಲೋಡ್ ಆದ ಕೂಡಲೇ ಏರೋಪ್ಲೇನ್ ಮೋಡ್. ರಾತ್ರಿ ಎಲ್ಲರ ಫೋನೂ ಅಡುಗೆಮನೆಯ ಕಪಾಟಿನ ಮೇಲೆ. ಮೊದಲ ವಾರ ಗಲಾಟೆಯೋ ಗಲಾಟೆ.

ಕಳೆದ ಜುಲೈನಲ್ಲಿ ಕರೆಂಟ್ ಹೋಗಿ ನಾಲ್ಕು ದಿನ ಬರಲಿಲ್ಲ. ಇರುವ ಹಳೇ ಟವರೂ ಎರಡನೇ ದಿನ ಸುಮ್ಮನಾಯಿತು. ಮಗ ಸಿಡುಕಿದ, ತಂಗಿಯ ಜೊತೆ ಜಗಳವಾಡಿದ, ಹಳೇ ಕೇರಂ ಬೋರ್ಡಿನ ಧೂಳು ಒರೆಸಿದ, ಒಂಬತ್ತಕ್ಕೆಲ್ಲ ನಿದ್ದೆ ಹೋದ. ನಾನು ಮಾತ್ರ ಆ ಮಳೆಯಲ್ಲಿ ಕೊಡೆ ಹಿಡಿದು ದಿನಕ್ಕೆ ಮೂರು ಸಲ ಗೇಟಿನ ಹತ್ತಿರ ಹೋಗಿ ಬಂದೆ, ಕಡ್ಡಿ ಬಂತಾ ಅಂತ ನೋಡಲು.